ಬೇವಿನ ಕಹಿಯ ಚರಿತ್ರೆ: ಜನಪದ ಜ್ಞಾನದಿಂದ ಜೀನೋಮ್ ಅಧ್ಯಯನದವರೆಗೆ

ಕರ್ನಾಟಕದ ಬಯಲುಸೀಮೆಯ ಜನಜೀವನದಲ್ಲಿ ಬೇವಿನ ಮರಕ್ಕೆ ವಿಶಿಷ್ಟವಾದ ಸ್ಥಾನವಿದೆ. ಯುಗಾದಿಯ ದಿನ ಬೆಲ್ಲದೊಡನೆ ಬೇವಿನ ಹೂವನ್ನೋ ಎಳೆ ಚಿಗುರನ್ನೋ ಸೇವಿಸುವುದರಿಂದ ಇಲ್ಲಿ ವರ್ಷ ಆರಂಭವಾಗುತ್ತದೆ. ಬಾಣಂತಿಯ ಕೋಣೆಯ ಬಾಗಿಲಿಗೆ, ಮಾರಮ್ಮನ ಗುಡಿಯ ತೋರಣಕ್ಕೆ, ಅಮ್ಮ ಬಂದು ಮಲಗಿದವರ ಹಾಸಿಗೆಗೆ ಬೇವಿನ ಸೊಪ್ಪು ಬೇಕು. ಊರ ಮುಂದಿನ ಕಟ್ಟೆಯಲ್ಲಿ ಅರಳಿಗೂ ಬೇವಿಗೂ ಮದುವೆ ಮಾಡಿ ಅವುಗಳ ಬುಡದಲ್ಲಿ ನಾಗರಕಲ್ಲು ನಿಲ್ಲಿಸುವ ಪದ್ಧತಿ ಇಂದಿಗೂ ಇದೆ. ಕಣಜ ಮತ್ತು ಹಗೇವುಗಳಲ್ಲಿ ಕಾಳಿನ ನಡುವೆ ಒಣಗಿದ ಬೇವಿನೆಲೆ, ಹೊಲಕ್ಕೆ ಬೇವಿನ ಹಿಂಡಿ, ದನದ ಹುಣ್ಣಿಗೆ ಬೇವಿನೆಣ್ಣೆ, ಹಲ್ಲುಜ್ಜಲು ಬೇವಿನ ಕಡ್ಡಿ ಹೀಗೆ ಬಳಕೆಗಳ ಪಟ್ಟಿ ದೊಡ್ಡದು. ಜನಪದ ವೈದ್ಯ ಮತ್ತು ಕೃಷಿ ಜಾನಪದ ಸಂಗ್ರಹಗಳಲ್ಲಿ ಇವು ಸಾಕಷ್ಟು ದಾಖಲಾಗಿವೆ.

ಇದೇ ಮರವನ್ನು ಕುರಿತು ಬೆಂಗಳೂರಿನ ಪ್ರಯೋಗಾಲಯಗಳಿಂದ 2012ರಲ್ಲಿ ಮತ್ತು 2015ರಲ್ಲಿ ಬಂದ ಎರಡು ಸಂಶೋಧನೆಗಳು ನಮ್ಮ ಜಾನಪದ ಅಧ್ಯಯನದ ಕಣ್ಣಿಗೆ ಅಷ್ಟಾಗಿ ಬಿದ್ದಂತಿಲ್ಲ. ಬೇವಿನ ಜೀನೋಮ್, ಅಂದರೆ ಆ ಮರದ ಜೀವಕೋಶದಲ್ಲಿರುವ ಸಮಸ್ತ ವಂಶವಾಹಿ ಬರಹವನ್ನು ಓದುವ ಯತ್ನಗಳು ಅವು. ಎರಡನೆಯ ಅಧ್ಯಯನ ಇದರ ಜೊತೆಗೆ ಮರದ ವಿವಿಧ ಭಾಗಗಳಲ್ಲಿರುವ ಕಹಿ ಸಂಯುಕ್ತಗಳನ್ನೂ ಅಳೆಯಿತು. ಜೀವಿಯೊಂದರೊಳಗೆ ತಯಾರಾಗುವ ಸಣ್ಣ ಅಣುಗಳನ್ನು ಗುರುತಿಸಿ ಅಳೆಯುವ ಈ ಶಾಸ್ತ್ರಕ್ಕೆ ಮೆಟಬೊಲೋಮಿಕ್ಸ್ ಎಂಬ ಹೆಸರಿದೆ. ಬೇವಿನ ಕಹಿ ಎಂಬ ಒಂದೇ ಗುಣವನ್ನು ಜನರು, ರಸಾಯನಶಾಸ್ತ್ರಜ್ಞರು, ಪೇಟೆಂಟ್ ಕಚೇರಿಗಳು ಹಾಗೂ ಜೀನೋಮ್ ವಿಜ್ಞಾನಿಗಳು ಹೇಗೆ ಅರಿತರು ಎಂಬುದನ್ನು ಕಾಲಾನುಕ್ರಮದಲ್ಲಿ ನೋಡಿ, ಈ ಚರಿತ್ರೆಯಿಂದ ಜಾನಪದ ದಾಖಲಾತಿ ಕಲಿಯಬೇಕಾದುದೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೆಸರು ಮತ್ತು ವರ್ಗೀಕರಣ

ಕನ್ನಡದಲ್ಲಿ ಬೇವು ಎಂಬುದು ಒಂದು ಮರದ ಹೆಸರು ಮಾತ್ರವಲ್ಲ, ಒಂದು ಬಳಗದ ಹೆಸರು. ಕಹಿಬೇವು, ಹೆಬ್ಬೇವು, ಹುಚ್ಚುಬೇವು, ಕರಿಬೇವು ಇವು ನಾಲ್ಕನ್ನೂ ಜನರು ಒಂದೇ ಪ್ರಧಾನ ಪದದಡಿ ತಂದು ವಿಶೇಷಣಗಳಿಂದ ಬೇರ್ಪಡಿಸಿದ್ದಾರೆ. ಸಸ್ಯಶಾಸ್ತ್ರದ ಪ್ರಕಾರ ಮೊದಲ ಮೂರು ಮೀಲಿಯೇಸೀ ಕುಟುಂಬಕ್ಕೆ ಸೇರಿದವು. ಕರಿಬೇವು ನಿಂಬೆ, ಕಿತ್ತಳೆಗಳ ರೂಟೇಸೀ ಕುಟುಂಬಕ್ಕೆ ಸೇರಿದ್ದು. ಈ ಎರಡು ಕುಟುಂಬಗಳೂ ಸ್ಯಾಪಿಂಡೇಲ್ಸ್ ಎಂಬ ಒಂದೇ ಗಣದಲ್ಲಿವೆ. ಬೆಂಗಳೂರಿನ ಎರಡೂ ಜೀನೋಮ್ ಅಧ್ಯಯನಗಳು ಬೇವನ್ನು ಕಿತ್ತಳೆಯ ಸಮೀಪ ಬಂಧುವೆಂದು ತೋರಿಸಿದವು. ಆದರೆ ಇದನ್ನು ನಮ್ಮ ಪೂರ್ವಿಕರು ಮೊದಲೇ ಬಲ್ಲವರಾಗಿದ್ದರು ಎಂದು ಹೇಳುವುದು ತಪ್ಪಾಗುತ್ತದೆ. ಜನರು ಕರಿಬೇವಿಗೆ ಆ ಹೆಸರಿಟ್ಟದ್ದು ಎಲೆಯ ಆಕಾರವನ್ನು ನೋಡಿ ಎಂದು ಭಾವಿಸುವುದೇ ಯುಕ್ತ. ಜನಪದ ವರ್ಗೀಕರಣದ ಬೆಲೆ ಅದು ವಿಜ್ಞಾನದೊಡನೆ ಹೊಂದಿಕೊಳ್ಳುವುದರಲ್ಲಿಲ್ಲ. ಅದು ನಿರಂತರ ಅವಲೋಕನದಿಂದ ಹುಟ್ಟಿದ್ದು ಎಂಬುದರಲ್ಲಿದೆ.

ಪಾಶ್ಚಾತ್ಯ ಸಸ್ಯಶಾಸ್ತ್ರ ಈ ಮರಕ್ಕೆ ಕೊಟ್ಟ ಹೆಸರಿನಲ್ಲಿಯೂ ಏಷ್ಯಾದ ಆಡುಮಾತು ಅಡಗಿದೆ. 1753ರಲ್ಲಿ ಲಿನೇಯಸ್ ಇದನ್ನು ಮೀಲಿಯ ಅಜಾಡಿರಕ್ಟ ಎಂದು ಕರೆದನು. 1830ರಲ್ಲಿ ಫ್ರಾನ್ಸಿನ ಆದ್ರಿಯನ್ ದ ಜುಸ್ಸಿಯು ಇದನ್ನು ಪ್ರತ್ಯೇಕ ಕುಲವಾಗಿಸಿ ಅಜಾಡಿರಕ್ಟ ಇಂಡಿಕ ಎಂಬ ಈಗಿನ ಹೆಸರನ್ನು ಕೊಟ್ಟನು. ಅಜಾಡಿರಕ್ಟ ಎಂಬುದು ಸ್ವತಂತ್ರ ವೃಕ್ಷ ಎಂಬರ್ಥದ ಪಾರಸಿ ಪದದಿಂದ ಬಂದುದು.

ಕಹಿಯ ರಸಾಯನ

ಬೇವಿನ ಕಹಿ ಯಾವ ವಸ್ತುವಿನಿಂದ ಬರುತ್ತದೆ ಎಂಬ ಪ್ರಶ್ನೆಗೆ ಆಧುನಿಕ ರಸಾಯನಶಾಸ್ತ್ರದ ಮೊದಲ ಮಹತ್ವದ ಉತ್ತರ ಸಲೀಮುಜ್ಜಮಾನ್ ಸಿದ್ದೀಕಿ ಅವರಿಂದ ಬಂದಿತು. ಬೇವಿನೆಣ್ಣೆಯಿಂದ ಅವರು ನಿಂಬಿನ್, ನಿಂಬಿನಿನ್ ಮತ್ತು ನಿಂಬಿಡಿನ್ ಎಂಬ ಮೂರು ಕಹಿ ಪದಾರ್ಥಗಳನ್ನು ಬೇರ್ಪಡಿಸಿದರು. ಆ ಟಿಪ್ಪಣಿ 1942ರಲ್ಲಿ ಪ್ರಕಟವಾದುದು ಬೆಂಗಳೂರಿನಿಂದ ಹೊರಡುವ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ. ಗಾಣದಿಂದ ಬಂದ ಎಣ್ಣೆಯ ಕಹಿಗೆ ಪ್ರಯೋಗಾಲಯದಲ್ಲಿ ಹೆಸರು ದೊರೆತ ಸಂದರ್ಭವಿದು.

ಎರಡನೆಯ ಹಂತ ಮಿಡತೆಗಳಿಂದ ಆರಂಭವಾಯಿತು. 1959ರಲ್ಲಿ ಸುಡಾನಿನಲ್ಲಿ ಮಿಡತೆಗಳ ದಂಡು ಬಂದು ಸುತ್ತಲಿನ ಹಸುರನ್ನೆಲ್ಲ ತಿಂದುಹಾಕಿದರೂ ಬೇವಿನ ಮರಗಳು ಉಳಿದುದನ್ನು ಜರ್ಮನ್ ಕೀಟಶಾಸ್ತ್ರಜ್ಞ ಹೈನ್ರಿಖ್ ಶ್ಮುಟರರ್ ಗಮನಿಸಿದರು. 1962ರಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಧಾನ್ ಮತ್ತು ಸಂಗಡಿಗರು ಬೇವಿನ ಬೀಜದ ತಿರುಳನ್ನು ನೀರಿನಲ್ಲಿ ಕದಡಿ ಬೆಳೆಗೆ ಸಿಂಪಡಿಸಿದಾಗ ಮಿಡತೆಗಳು ಆ ಬೆಳೆಯನ್ನು ಮುಟ್ಟಲಿಲ್ಲವೆಂದು ತೋರಿಸಿದರು. 1968ರಲ್ಲಿ ಇಂಗ್ಲೆಂಡಿನ ಕೀಲ್‌ನಲ್ಲಿ ಬಟರ್‌ವರ್ತ್ ಮತ್ತು ಮಾರ್ಗನ್ ಈ ಗುಣಕ್ಕೆ ಮುಖ್ಯ ಕಾರಣವಾದ ಅಜಾಡಿರಕ್ಟಿನ್ ಎಂಬ ಸಂಯುಕ್ತವನ್ನು ಬೀಜದಿಂದ ಬೇರ್ಪಡಿಸಿದರು. ಅದರ ಸರಿಯಾದ ರಚನೆ ತಿಳಿಯಲು 1980ರ ದಶಕದ ಮಧ್ಯಭಾಗದವರೆಗೆ ಕಾಯಬೇಕಾಯಿತು. ಕೇಂಬ್ರಿಜ್‌ನ ಸ್ಟೀವನ್ ಲೇ ಅವರ ತಂಡ 22 ವರ್ಷಗಳ ಪ್ರಯತ್ನದ ನಂತರ 2007ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿತು. ಅದಕ್ಕೆ ಅರುವತ್ತಕ್ಕೂ ಹೆಚ್ಚು ಹಂತಗಳು ಬೇಕಾದವು. ಕೊನೆಗೆ ದೊರೆತ ಪ್ರಮಾಣ ಅತ್ಯಲ್ಪ. ಮರವಾದರೋ ಇದೇ ಅಣುವನ್ನು ಪ್ರತಿ ವರ್ಷ ತನ್ನ ಬೀಜದ ತಿರುಳಿನಲ್ಲಿ ಸದ್ದಿಲ್ಲದೆ ಕಟ್ಟುತ್ತದೆ. ಅದು ಹೇಗೆ ಕಟ್ಟುತ್ತದೆ ಎಂಬ ಪ್ರಶ್ನೆ ಜೀನೋಮ್ ಅಧ್ಯಯನಕ್ಕೆ ದಾರಿ ಮಾಡಿತು. ಆದರೆ ಅದಕ್ಕೂ ಮುಂಚೆ ಮತ್ತೊಂದು ಪ್ರಶ್ನೆ ಎದ್ದಿತು. ಈ ಜ್ಞಾನ ಯಾರದು?

ಸಾಕ್ಷಿಯ ಪ್ರಶ್ನೆ

ಅಮೆರಿಕದಲ್ಲಿ 1985ರಲ್ಲಿ ಬೇವಿನ ಬೀಜದ ಸಾರದಿಂದ ತಯಾರಾದ ಕೀಟನಾಶಕವೊಂದಕ್ಕೆ ಪೇಟೆಂಟ್ ದೊರೆಯಿತು. 1988ರಲ್ಲಿ ಆ ಹಕ್ಕು ಡಬ್ಲ್ಯು. ಆರ್. ಗ್ರೇಸ್ ಕಂಪನಿಗೆ ಬಂದಿತು. 1990ರ ದಶಕದ ಆರಂಭದಲ್ಲಿ ಇದೇ ಕಂಪನಿಯ ಸಹಭಾಗಿತ್ವದಲ್ಲಿ ಬೇವಿನ ಬೀಜವನ್ನು ಸಂಸ್ಕರಿಸುವ ಕಾರ್ಖಾನೆಯೊಂದು ನಮ್ಮ ತುಮಕೂರಿನಲ್ಲಿ ಸ್ಥಾಪನೆಯಾಯಿತು. ಅದೇ ಅವಧಿಯಲ್ಲಿ ಕರ್ನಾಟಕದ ರೈತ ಚಳವಳಿ ಬೇವಿನ ಪೇಟೆಂಟುಗಳನ್ನು ಪ್ರತಿಭಟಿಸಿತು. ಬೀಜದ ವ್ಯಾಪಾರ ಮತ್ತು ಬೀಜದ ಹಕ್ಕಿನ ವಾದ ಎರಡೂ ನಮ್ಮ ಬಯಲುಸೀಮೆಯಲ್ಲಿ ಒಟ್ಟಿಗೆ ನಡೆದವು.

1994ರ ಸೆಪ್ಟೆಂಬರಿನಲ್ಲಿ ಐರೋಪ್ಯ ಪೇಟೆಂಟ್ ಕಚೇರಿ ಈ ಕಂಪನಿಗೂ ಅಮೆರಿಕದ ಕೃಷಿ ಇಲಾಖೆಗೂ ಜಂಟಿಯಾಗಿ ಒಂದು ಪೇಟೆಂಟ್ ನೀಡಿತು. ಬೇವಿನೆಣ್ಣೆಯಿಂದ ಗಿಡಗಳ ಶಿಲೀಂಧ್ರ ರೋಗವನ್ನು ತಡೆಯುವ ವಿಧಾನ ಅದರ ವಿಷಯ. 1995ರಲ್ಲಿ ವಂದನಾ ಶಿವ, ಐರೋಪ್ಯ ಸಂಸತ್ತಿನ ಹಸುರು ಪಕ್ಷದ ಮಾಗ್ದ ಆಲ್ವೋಟ್ ಮತ್ತು ಸಾವಯವ ಕೃಷಿ ಚಳವಳಿಗಳ ಅಂತಾರಾಷ್ಟ್ರೀಯ ಒಕ್ಕೂಟ ಇದನ್ನು ಪ್ರಶ್ನಿಸಿದರು. 2000ದ ಮೇ ತಿಂಗಳಲ್ಲಿ ಪೇಟೆಂಟ್ ರದ್ದಾಯಿತು. ಮೇಲ್ಮನವಿಯೂ 2005ರ ಮಾರ್ಚ್ 8ರಂದು ವಜಾ ಆಯಿತು.

ಈ ಗೆಲುವನ್ನು ಜನಪದ ಜ್ಞಾನದ ಗೆಲುವೆಂದು ಕೊಂಡಾಡುವುದು ವಾಡಿಕೆ. ಆದರೆ ವಿಚಾರಣೆಯ ವಿವರಗಳನ್ನು ಎಚ್ಚರದಿಂದ ನೋಡಬೇಕು. ಶತಮಾನಗಳ ಬಳಕೆ ಎಂಬ ಸಾಮಾನ್ಯ ಹೇಳಿಕೆ ಪೇಟೆಂಟ್ ಕಚೇರಿಯ ಮುಂದೆ ತಾನಾಗಿಯೇ ಸಾಕ್ಷಿಯಾಗುವುದಿಲ್ಲ. ಎಲ್ಲಿ, ಯಾವಾಗ, ಯಾವ ವಿಧಾನದಿಂದ ತಯಾರಿಸಿ, ಯಾವ ಬೆಳೆಗೆ ಬಳಸಲಾಯಿತು ಎಂಬುದನ್ನು ತೋರಿಸಬೇಕಾಗುತ್ತದೆ. 2000ದ ವಿಚಾರಣೆಯಲ್ಲಿ ತೂಕ ಪಡೆದ ಸಾಕ್ಷ್ಯಗಳಲ್ಲೊಂದು, 1980ರ ದಶಕದ ಮಧ್ಯದಲ್ಲಿ ಪಶ್ಚಿಮ ಭಾರತದ ರೈತರ ಹೊಲಗಳಲ್ಲಿ ಬೇವಿನ ಸಾರವನ್ನು ಪರೀಕ್ಷಿಸಿದ್ದ ಭಾರತೀಯ ಉದ್ಯಮಿಯೊಬ್ಬರದು. ಅವರ ಬಳಿ ಸ್ಥಳವಿತ್ತು, ಕಾಲವಿತ್ತು, ವಿಧಾನದ ವಿವರವಿತ್ತು. ನಮ್ಮ ಜಾನಪದ ಸಂಪುಟಗಳಲ್ಲಿ ಬೇವಿನ ಬಗ್ಗೆ ನೂರಾರು ಉಲ್ಲೇಖಗಳಿವೆ. ಅವುಗಳಲ್ಲಿ ಎಷ್ಟು ಅಂಥ ಪರೀಕ್ಷೆಯಲ್ಲಿ ನಿಲ್ಲಬಲ್ಲವು ಎಂಬ ಪ್ರಶ್ನೆಯನ್ನು ನಾವು ಕೇಳಿಕೊಂಡಿಲ್ಲ.

ಜೀನೋಮಿನ ಎರಡು ಪಾಠಗಳು

2012ರಲ್ಲಿ ಬೆಂಗಳೂರಿನ ಗಣಿತ್ ಲ್ಯಾಬ್ಸ್‌ನ ಬಿನಯ್ ಪಾಂಡ ಅವರ ತಂಡ ಬೇವಿನ ಜೀನೋಮಿನ ಕರಡನ್ನೂ ಮರದ ಬೇರೆ ಬೇರೆ ಭಾಗಗಳಲ್ಲಿ ಕ್ರಿಯಾಶೀಲವಾಗಿರುವ ವಂಶವಾಹಿಗಳ ಪಟ್ಟಿಯನ್ನೂ ಪ್ರಕಟಿಸಿತು. ಅವರ ಲೆಕ್ಕದಲ್ಲಿ ಬೇವಿನಲ್ಲಿ ಸುಮಾರು 20,000 ವಂಶವಾಹಿಗಳಿವೆ, ಪುನರಾವರ್ತಿತ ಭಾಗಗಳು ಕಡಿಮೆ. 2015ರಲ್ಲಿ ಬೆಂಗಳೂರಿನದೇ ಆದ ಸೆಂಟರ್ ಫಾರ್ ಸೆಲ್ಯುಲರ್ ಅಂಡ್ ಮಾಲಿಕ್ಯುಲರ್ ಪ್ಲಾಟ್‌ಫಾರ್ಮ್ಸ್ ಸಂಸ್ಥೆಯ ಮಲಲಿ ಗೌಡ ಮತ್ತು ಸಂಗಡಿಗರು ಇನ್ನೊಂದು ಜೋಡಣೆಯನ್ನು ಪ್ರಕಟಿಸಿದರು. ಅದರಲ್ಲಿ ಜೀನೋಮಿನ ಅಂದಾಜು ಗಾತ್ರದ ಶೇ. 70ರಷ್ಟು, ಅಂದರೆ 26.7 ಕೋಟಿ ಅಕ್ಷರಗಳು ಸೇರಿದ್ದವು. ಅಲ್ಲಿ ಊಹಿಸಲಾದ ವಂಶವಾಹಿಗಳು 44,495. ಪುನರಾವರ್ತಿತ ಭಾಗ ಶೇ. 32.5.

ಒಂದೇ ಜಾತಿಯ ಮರ, ಒಂದೇ ನಗರದ ವಿಜ್ಞಾನಿಗಳು. ಫಲಿತಾಂಶದಲ್ಲಿ ಇಷ್ಟು ಅಂತರವೇಕೆ ಎಂಬ ಆಶ್ಚರ್ಯ ಸಹಜ. ಮಹಾಕಾವ್ಯಗಳ ಪಾಠಾಂತರಗಳೊಡನೆ ಕೆಲಸ ಮಾಡಿದವರಿಗೆ ಇದು ಅಷ್ಟು ಅಪರಿಚಿತವಲ್ಲ. ಜೀನೋಮನ್ನು ಯಾರೂ ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಓದುವುದಿಲ್ಲ. ಅದನ್ನು ಕೋಟ್ಯಂತರ ತುಣುಕುಗಳಾಗಿ ಓದಿ, ಒಂದರ ತುದಿ ಇನ್ನೊಂದರ ಮೊದಲಿಗೆ ಹೊಂದುವುದನ್ನು ನೋಡಿ ಗಣಕದಲ್ಲಿ ಜೋಡಿಸುತ್ತಾರೆ. ಮತ್ತೆ ಮತ್ತೆ ಬರುವ ಸಾಲುಗಳು ಎಲ್ಲಿ ಸೇರಬೇಕೆಂಬುದು ಗೊಂದಲಕ್ಕೆ ಎಡೆಮಾಡುತ್ತದೆ. ವೃತ್ತಿಗಾಯಕನ ಪಲ್ಲವಿಯನ್ನು ಪ್ರತಿ ಸಲ ಬರೆಯುವ ಸಂಪಾದಕನಿಗೂ ಒಮ್ಮೆ ಬರೆದು ಬಿಡುವ ಸಂಪಾದಕನಿಗೂ ಕಾವ್ಯದ ಗಾತ್ರ ಬೇರೆಯಾಗಿ ಕಾಣುವಂತೆ, ಜೋಡಣೆಯ ಹಾಗೂ ಎಣಿಕೆಯ ನಿಯಮಗಳು ಬೇರೆಯಾದಾಗ ಸಂಖ್ಯೆಯೂ ಬೇರೆಯಾಗುತ್ತದೆ. ಆದರೆ ಇಲ್ಲಿ ಹೋಲಿಕೆಗೊಂದು ಮಿತಿಯಿದೆ. ಜನಪದ ಕಾವ್ಯಕ್ಕೆ ಒಂದೇ ಮೂಲಪಾಠವಿರಬೇಕಾಗಿಲ್ಲ. ಒಂದು ನಿರ್ದಿಷ್ಟ ಮರಕ್ಕೆ ಮಾತ್ರ ಒಂದು ನಿಜವಾದ ಜೀನೋಮ್ ಇದ್ದೇ ಇರುತ್ತದೆ. ಆದ್ದರಿಂದಲೇ ವಿಜ್ಞಾನಿಗಳು ಕರಡನ್ನು ತಿದ್ದುತ್ತ ಹೋದರು. 2016ರಲ್ಲಿ ಪಾಂಡ ಅವರ ತಂಡ ಉದ್ದನೆಯ ತುಣುಕುಗಳನ್ನು ಓದುವ ತಂತ್ರದಿಂದ ಪರಿಷ್ಕೃತ ಜೋಡಣೆಯನ್ನು ಹೊರತಂದಿತು. ಆನಂತರ ವರ್ಣತಂತುಗಳ ಮಟ್ಟದ ಜೋಡಣೆಗಳೂ ಬಂದಿವೆ. ಕರಡು ಕರಡೆಂದೇ ಹೇಳಿ ಪ್ರಕಟಿಸುವ, ಅದಕ್ಕೆ ಆಧಾರವಾದ ತುಣುಕುಗಳನ್ನೂ ಇತರರಿಗೆ ತೆರೆದಿಡುವ ಈ ಶಿಸ್ತು ನಮಗೂ ಅನುಕರಣೀಯ.

ವಂಶವಾಹಿಗಳ ಪಟ್ಟಿಯಿಂದ ಮಾತ್ರ ಕಹಿಯ ಗುಟ್ಟು ತಿಳಿಯುವುದಿಲ್ಲ. ಹತ್ತಾರು ಸಾವಿರ ವಂಶವಾಹಿಗಳಲ್ಲಿ ಅಜಾಡಿರಕ್ಟಿನ್ ಕಟ್ಟುವವು ಯಾವುವು? 2015ರ ಅಧ್ಯಯನ ಇಲ್ಲಿ ಮೆಟಬೊಲೋಮಿಕ್ಸ್‌ನ ವಿಧಾನವನ್ನು ತಂದಿತು. ಮರದ ಬೇರೆ ಬೇರೆ ಭಾಗಗಳಲ್ಲಿ ಅಜಾಡಿರಕ್ಟಿನ್, ನಿಂಬಿನ್ ಮತ್ತು ಸಲಾನಿನ್‌ಗಳ ಪ್ರಮಾಣವನ್ನು ದ್ರವ್ಯರಾಶಿಯನ್ನು ಅಳೆಯುವ ಸೂಕ್ಷ್ಮ ಉಪಕರಣದಿಂದ ಗುರುತಿಸಿ, ಆಯಾ ಭಾಗದಲ್ಲಿ ಯಾವ ವಂಶವಾಹಿಗಳು ಹೆಚ್ಚು ಚುರುಕಾಗಿವೆ ಎಂಬುದರೊಡನೆ ಹೋಲಿಸಲಾಯಿತು. ಕಹಿ ಹೆಚ್ಚಿರುವಲ್ಲಿ ಚುರುಕಾಗಿ, ಕಡಿಮೆಯಿರುವಲ್ಲಿ ಮಂದವಾಗಿರುವ ವಂಶವಾಹಿಯ ಮೇಲೆ ಸಂಶಯ ಬೀಳುತ್ತದೆ. ಇದು ಸಂಶಯ ಮಾತ್ರ, ಸಿದ್ಧಾಂತವಲ್ಲ.

ಸಂಶಯವನ್ನು ಪರೀಕ್ಷಿಸುವ ಕ್ರಮ ಬೇರೆ. ಸಂದೇಹಕ್ಕೊಳಗಾದ ವಂಶವಾಹಿಯನ್ನು ತಂಬಾಕಿನ ಜಾತಿಯ ಒಂದು ಗಿಡದ ಎಲೆಯೊಳಗೆ ಸೇರಿಸಿ, ಆ ಎಲೆಯಲ್ಲಿ ಹೊಸ ಸಂಯುಕ್ತ ಹುಟ್ಟುತ್ತದೆಯೇ ಎಂದು ನೋಡುತ್ತಾರೆ. ಇಂಗ್ಲೆಂಡಿನ ಜಾನ್ ಇನ್ಸ್ ಕೇಂದ್ರದ ಆನ್ ಓಸ್ಬರ್ನ್ ಅವರ ತಂಡ 2019ರಲ್ಲಿ ಈ ವಿಧಾನದಿಂದ ಕಹಿಯ ಹಾದಿಯ ಮೊದಲ ಹೆಜ್ಜೆಗಳನ್ನು ಗುರುತಿಸಿತು. 2023ರಲ್ಲಿ ಅದೇ ತಂಡವೂ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಎಲಿಜಬೆತ್ ಸ್ಯಾಟ್ಲಿ ಅವರ ತಂಡವೂ ಸೇರಿ 22 ಕಿಣ್ವಗಳನ್ನು ಕಂಡುಹಿಡಿದು, ಬೇವಿನ ಬಳಗದಲ್ಲಿರುವ ಅಜಾಡಿರೋನ್ ಎಂಬ ಸಂಯುಕ್ತದವರೆಗಿನ ಹಾದಿಯನ್ನು ಪೂರ್ಣವಾಗಿ ತೋರಿಸಿದವು. ಈ ಕಿಣ್ವಗಳು ದೊರೆತದ್ದು ಕಿತ್ತಳೆಯ ಬಳಗದಿಂದ ಮತ್ತು ಮೀಲಿಯ ಅಜೆಡರಾಕ್ ಎಂಬ ಮರದಿಂದ. ಈ ಎರಡನೆಯದು ನಮ್ಮ ಹುಚ್ಚುಬೇವು. ಜನರು ಬೇವಿನ ಹೆಸರು ಕೊಟ್ಟರೂ ಬೇವಿನ ಮರ್ಯಾದೆ ಕೊಡದೆ ಹುಚ್ಚು ಎಂದು ಬದಿಗಿಟ್ಟ ಮರವೇ ಇಲ್ಲಿ ದಾರಿ ತೋರಿತು.

ಬಿಟ್ಟುಹೋದ ವಿವರಗಳು

ಈಗ ನನ್ನ ಸ್ವಂತ ಅನುಭವವೊಂದನ್ನು ಇಲ್ಲಿ ಹೇಳುವುದು ಅವಶ್ಯವೆಂದು ಭಾವಿಸುತ್ತೇನೆ. ಡಾಕ್ಟರೇಟ್ ಪದವಿಯ ಅಧ್ಯಯನಕ್ಕಾಗಿ 2005ರ ಬೇಸಗೆಯಲ್ಲಿ ಕೊಪ್ಪಳ ಜಿಲ್ಲೆಯಲ್ಲಿ ಕ್ಷೇತ್ರಕಾರ್ಯ ಮಾಡುತ್ತಿದ್ದಾಗ ಕಾಳು ಕಾಪಿಡುವ ಪದ್ಧತಿಯ ಬಗ್ಗೆ ವಯಸ್ಸಾದ ರೈತ ಮಹಿಳೆಯೊಬ್ಬರನ್ನು ಮಾತನಾಡಿಸಿದ್ದೆ. ನನ್ನ ಟಿಪ್ಪಣಿಯಲ್ಲಿ ಉಳಿದಿರುವುದು ಒಂದೇ ವಾಕ್ಯ: ಜೋಳಕ್ಕೆ ಹುಳು ಬೀಳದಂತೆ ಬೇವಿನ ಸೊಪ್ಪು ಹಾಕುವರು. ಪ್ರಬಂಧದಲ್ಲಿ ಅಚ್ಚಾದುದೂ ಅಷ್ಟೆ. ಈ ಲೇಖನಕ್ಕಾಗಿ ಆ ಧ್ವನಿಮುದ್ರಿಕೆಯನ್ನು ಮತ್ತೆ ಕೇಳಿದಾಗ ಆಕೆ ಹೇಳಿದ್ದು ಬೇರೆಯೇ ಆಗಿತ್ತು. “ಬಾವಿ ದಂಡ್ಯಾಗಿನ ಗಿಡದ ತಪ್ಪಲ ಬ್ಯಾಡ ಯವ್ವಾ, ಹೊಲದ ಒಡ್ಡಿನ ಮ್ಯಾಗಿನ ಗಿಡದ್ದು ತರಬೇಕು. ಮಳಿ ಬೀಳೂಕಿಂತ ಮೊದಲ ತರಬೇಕು. ಬಿಸಲಿಗೆ ಹಾಕಬಾರ್ದು, ನೆಳ್ಳಾಗ ಒಣಗಸಬೇಕು.” ಮರದ ಆಯ್ಕೆ, ಋತು, ಒಣಗಿಸುವ ಕ್ರಮ ಮೂರನ್ನೂ ಆಕೆ ಹೇಳಿದ್ದರು. ಅವು ಮಾತಿನ ವಿಸ್ತಾರವೆಂದು ಬಗೆದು ನಾನು ಬಿಟ್ಟಿದ್ದೆ.

ಬಾವಿಯ ದಂಡೆಯ ಮರಕ್ಕಿಂತ ಹೊಲದ ಒಡ್ಡಿನ ಮರದ ಎಲೆ ಹೆಚ್ಚು ಪರಿಣಾಮಕಾರಿ ಎಂದು ನಾನಿಲ್ಲಿ ಸಾಧಿಸುತ್ತಿಲ್ಲ. ಆ ಮಾತನ್ನು ಪರೀಕ್ಷಿಸುವುದು ರಸಾಯನಶಾಸ್ತ್ರದ ಕೆಲಸ. ಆದರೆ ಅಜಾಡಿರಕ್ಟಿನ್ ಪ್ರಮಾಣ ಮರದಿಂದ ಮರಕ್ಕೆ, ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ, ಬಿಸಿಲಿನಲ್ಲಿ ಅದು ಬೇಗ ನಾಶವಾಗುತ್ತದೆ ಎಂಬುದು ವಿಜ್ಞಾನ ಒಪ್ಪಿದ ಸಂಗತಿ. ಬೇವಿನ ಬೀಜವನ್ನು ನೆರಳಿನಲ್ಲಿ ಒಣಗಿಸಬೇಕೆಂದು ಕೃಷಿ ವಿಸ್ತರಣಾ ಕಾರ್ಯಕರ್ತರೂ ಹೇಳುತ್ತಾರೆ. ಮೆಟಬೊಲೋಮಿಕ್ಸ್ ಅಧ್ಯಯನಕ್ಕೆ ಮಾದರಿ ತೆಗೆದುಕೊಳ್ಳುವಾಗ ಮೊದಲು ಬರೆದುಕೊಳ್ಳಬೇಕಾದುದು ಯಾವ ಮರ, ಯಾವ ನೆಲ, ಯಾವ ತಿಂಗಳು, ಯಾವ ಭಾಗ, ಹೇಗೆ ಒಣಗಿಸಿದ್ದು ಎಂಬುದನ್ನೇ. ಆ ಅಜ್ಜಿ ನನಗೆ ಕೊಟ್ಟದ್ದು ಇದೇ ವಿವರಗಳ ಪಟ್ಟಿ. ಅದನ್ನು ಒಂದು ಸಾಮಾನ್ಯ ವಾಕ್ಯವಾಗಿ ಕುಗ್ಗಿಸಿದವಳು ನಾನು. ನನ್ನ ಕಾಲದ ಅನೇಕ ಸಂಗ್ರಹಗಳಲ್ಲಿ ಇದೇ ದೋಷವಿದೆ ಎಂದು ನನ್ನ ತಿಳಿವಳಿಕೆ.

ಮಿತಿಯನ್ನು ದಾಖಲಿಸದಿರುವುದು ಇನ್ನೂ ಅಪಾಯಕಾರಿ. ಬೇವಿನೆಣ್ಣೆ ಔಷಧವೆಂದು ಬರೆಯುವ ಪುಸ್ತಕಗಳು, ಅದನ್ನು ಹಸುಗೂಸುಗಳಿಗೆ ಕುಡಿಸುವುದರಿಂದ ವಿಷವೇರಿದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ 1980ರ ದಶಕದಿಂದಲೂ ವರದಿಯಾಗಿವೆ ಎಂಬುದನ್ನು ಹೇಳುವುದಿಲ್ಲ. ಹಾಗೆಯೇ ಸಿಡುಬು ತೊಲಗಿದ್ದು ಲಸಿಕೆಯಿಂದಲೇ ಹೊರತು ಬೇವಿನ ಸೊಪ್ಪಿನಿಂದಲ್ಲ. ಸೊಪ್ಪು ಅಲ್ಲಿ ರೋಗಿಗೆ ತಂಪನ್ನೂ ಮನೆಗೆ ಒಂದು ಕಟ್ಟುಪಾಡನ್ನೂ ಕೊಟ್ಟಿತು. ಆಚರಣೆಯ ಅರ್ಥವನ್ನು ಔಷಧದ ಗುಣದೊಡನೆ ಕಲಸಿದರೆ ಎರಡಕ್ಕೂ ಅನ್ಯಾಯವಾಗುತ್ತದೆ.

ಗ್ರಂಥಸ್ಥ ಮತ್ತು ಮೌಖಿಕ

ಬೇವು ಮೊದಲಾದ ಪೇಟೆಂಟ್ ವಿವಾದಗಳ ನಂತರ ಭಾರತ ಎರಡು ಮುಖ್ಯ ಕ್ರಮಗಳನ್ನು ಕೈಗೊಂಡಿತು. 2001ರಲ್ಲಿ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯದ ಕೆಲಸ ಆರಂಭವಾಯಿತು. 2002ರಲ್ಲಿ ಜೀವವೈವಿಧ್ಯ ಕಾಯ್ದೆ ರೂಪುಗೊಂಡಿತು. ಮೊದಲನೆಯದು ಮುಖ್ಯವಾಗಿ ಆಯುರ್ವೇದ, ಯುನಾನಿ, ಸಿದ್ಧ ಮುಂತಾದ ಗ್ರಂಥಸ್ಥ ಜ್ಞಾನವನ್ನು ಆಧರಿಸಿದ್ದು. ಎರಡನೆಯದರ ಅಡಿಯಲ್ಲಿ ಪ್ರತಿ ಸ್ಥಳೀಯ ಸಂಸ್ಥೆಯ ಮಟ್ಟದಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ಸಿದ್ಧವಾಗಬೇಕು. ಮೌಖಿಕ ಜ್ಞಾನಕ್ಕೆ ಇರುವ ಆಸರೆ ಮುಖ್ಯವಾಗಿ ಅದೇ. 2023ರ ತಿದ್ದುಪಡಿ ಗ್ರಂಥಸ್ಥ ಪಾರಂಪರಿಕ ಜ್ಞಾನದ ಬಳಕೆಗೆ ಲಾಭ ಹಂಚಿಕೆಯಿಂದ ವಿನಾಯಿತಿ ಕೊಟ್ಟಿತು. ಇದರಿಂದ ಗ್ರಂಥಸ್ಥ ಮತ್ತು ಮೌಖಿಕ ಎಂಬ ಗೆರೆ ಕೇವಲ ಶೈಕ್ಷಣಿಕ ವಿಂಗಡಣೆಯಾಗಿ ಉಳಿಯದೆ ಹಕ್ಕಿನ ಗೆರೆಯೂ ಆಗಿದೆ. ಒಂದು ಬಳಕೆ ಗ್ರಂಥದಿಂದ ಬಂದುದೋ ಒಂದು ಊರಿನ ಅನುಭವದಿಂದ ಬಂದುದೋ ಎಂಬುದಕ್ಕೆ ಉತ್ತರ ಕೊಡಬಲ್ಲದ್ದು ಜಾನಪದ ದಾಖಲೆ. ಆ ದಾಖಲೆಯಲ್ಲಿ ಊರು, ವರ್ಷ, ಹೇಳಿದವರ ಒಪ್ಪಿಗೆ ಇಲ್ಲದಿದ್ದರೆ ಉತ್ತರವೂ ಇಲ್ಲ.

ಜೀನೋಮ್ ಬರಹಗಳು ಸಾರ್ವಜನಿಕ ಸಂಗ್ರಹಗಳಲ್ಲಿ ಸೇರಿದ ಮೇಲೆ ಈ ಪ್ರಶ್ನೆ ಮತ್ತಷ್ಟು ಸೂಕ್ಷ್ಮವಾಗಿದೆ. ಮರವನ್ನೂ ಬೀಜವನ್ನೂ ಮುಟ್ಟದೆ ಬರಹದಿಂದಲೇ ಕಿಣ್ವವನ್ನು ತಯಾರಿಸಬಹುದು. ಇಂಥ ಬಳಕೆಯಿಂದ ಬರುವ ಲಾಭದಲ್ಲಿ ಮೂಲನೆಲದ ಜನರಿಗೂ ಪಾಲಿರಬೇಕೆಂಬ ಅಂತಾರಾಷ್ಟ್ರೀಯ ಚರ್ಚೆಯ ಫಲವಾಗಿ 2025ರ ಫೆಬ್ರವರಿಯಲ್ಲಿ ಕಾಲಿ ನಿಧಿ ಆರಂಭವಾಯಿತು. ಆದರೆ ಜೀನೋಮ್ ಸಂಗ್ರಹದಲ್ಲಿ ಮರದ ಅಕ್ಷರಗಳಿವೆ, ಅದನ್ನು ಬಲ್ಲವರ ಮಾತಿಲ್ಲ. ಆ ಮಾತು ನಮ್ಮ ಧ್ವನಿಮುದ್ರಿಕೆಗಳಲ್ಲಿ, ವಿಶ್ವವಿದ್ಯಾಲಯಗಳ ಕಪಾಟುಗಳಲ್ಲಿ ಇದೆ.

ಸಮಾರೋಪ

1942ರಿಂದ 2023ರವರೆಗಿನ ಬೇವಿನ ಚರಿತ್ರೆಯಲ್ಲಿ ವಿಜ್ಞಾನ ಸಾಗಿದ ದಿಕ್ಕು ಸಾಮಾನ್ಯದಿಂದ ವಿಶೇಷದ ಕಡೆಗೆ. ಕಹಿಯಿಂದ ನಿಂಬಿನ್‌ಗೆ, ನಿಂಬಿನ್‌ನಿಂದ ವಂಶವಾಹಿಗೆ, ಅಲ್ಲಿಂದ ಒಂದೊಂದು ಕಿಣ್ವಕ್ಕೆ ಅದು ಇಳಿಯಿತು. ಜಾನಪದ ಸಂಗ್ರಹದ ದಿಕ್ಕು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾಗಿತ್ತು. ವಿಶೇಷವಾಗಿ ಹೇಳಿದ್ದನ್ನು ನಾವು ಸಾಮಾನ್ಯವಾಗಿ ಬರೆದೆವು. ವಕ್ತೃವಿನ ಊರು, ಮರದ ಸ್ಥಾನ, ಋತು, ಭಾಗ, ಪ್ರಮಾಣ, ನಿಷೇಧ, ಹೇಳಿದವರ ಒಪ್ಪಿಗೆ ಈ ಏಳು ಅಂಶಗಳನ್ನಾದರೂ ಇನ್ನು ಮುಂದಿನ ಸಂಗ್ರಹಕಾರ್ಯದಲ್ಲಿ ಕಡ್ಡಾಯವಾಗಿ ದಾಖಲಿಸಬೇಕು. ಹಳೆಯ ಧ್ವನಿಮುದ್ರಿಕೆಗಳನ್ನು ಅಚ್ಚಾದ ಪಠ್ಯದೊಡನೆ ಹೋಲಿಸಿ, ಬಿಟ್ಟುಹೋದುದನ್ನು ತುಂಬಿಸುವ ಯೋಜನೆಯೊಂದನ್ನು ಅಕಾಡೆಮಿಗಳೂ ವಿಶ್ವವಿದ್ಯಾಲಯಗಳೂ ಕೈಗೊಳ್ಳುವುದು ಅಗತ್ಯ. ಈ ಕೆಲಸಕ್ಕೆ ಕಾಲದ ಮಿತಿಯಿದೆ. ಸುರುಳಿಗಳು ಹಾಳಾಗುತ್ತಿವೆ, ಹೇಳಿದವರಲ್ಲಿ ಅನೇಕರು ಈಗಿಲ್ಲ. ಕೊಪ್ಪಳದ ಆ ಮಹಿಳೆಯೂ ಇಂದು ನಮ್ಮೊಡನಿಲ್ಲ. ಹೊಲದ ಒಡ್ಡಿನ ಆ ಮರ ಯಾವುದೆಂದು ನಾನು ಅಂದು ಕೇಳಲಿಲ್ಲ.